ಅಂಗಳದಲ್ಲಿ ನಿಂತ ನೀರು ಯಾರ ತಪ್ಪು?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಅದು ಹಣದ ವೆಚ್ಚವನ್ನು ಕುರಿತದ್ದೆಂದು ಜನರು ತಿಳಿಯುತ್ತಾರೆ. ಆದರೆ ಮನೆ ಕಟ್ಟುವುದರಲ್ಲಿ ಹಣದ ಚೀಲಕ್ಕಿಂತಲೂ ಹೆಚ್ಚಾಗಿ ಪರೀಕ್ಷಿಸಲ್ಪಡುವದೊಂದುಂಟು. ಅದು ಕಟ್ಟಿಸಿದವನ ಮತ್ತು ಕಟ್ಟಿದವನ ಮನಸ್ಸಾಕ್ಷಿಯೇ. ಗೋಡೆಗಳು ಏಳುವ ತನಕ ಅಣ್ಣಾ, ತಮ್ಮಾ ಎಂದು ಕರೆದಾಡಿದವರು ಮೊದಲನೆಯ ದೊಡ್ಡ ಮಳೆ ಬಿದ್ದ ಮರುದಿನ ಒಬ್ಬರ ಮುಖವನ್ನೊಬ್ಬರು ನೋಡದೆ ಹೋಗುವದುಂಟು. ಹೀಗೆ ಹುಟ್ಟುವ ಜಗಳಗಳಲ್ಲಿ ಅತ್ಯಲ್ಪವೆಂದು ತೋರುವ ಒಂದನ್ನು, ಅಂದರೆ ಬಾಗಿಲ ಮುಂದಿನ ಅಂಗಳದಲ್ಲಿ ನೀರು ನಿಲ್ಲುವ ವಿಷಯವನ್ನು, ನಾವು ಈ ಸಾರಿ ವಿಚಾರಿಸುವೆವು. ಯಾಕಂದರೆ ಅಲ್ಪ ವಿಷಯದಲ್ಲಿ ನ್ಯಾಯವನ್ನು ಕಾಣಲು ಕಲಿತವನಿಗೆ ದೊಡ್ಡ ವಿಷಯದಲ್ಲಿಯೂ ಅದು ಕಾಣಿಸೀತು.

ಪೂರ್ವದಲ್ಲಿ ನಮ್ಮ ಸೀಮೆಯ ಅಂಗಳಗಳು ಮಣ್ಣಿನವುಗಳಾಗಿದ್ದವು. ಮಳೆಗಾಲದ ಮುಂಚೆ ಮನೆಯವರು ಮಾಳಿಗೆಗೆ ಮಣ್ಣು ಹಾಕಿ ವಾಟವನ್ನು ಸರಿಪಡಿಸುವರು. ಅಂಗಳವನ್ನು ಸಾರಿಸುವ ಹೆಂಗಸರಿಗೆ ನೀರು ಎತ್ತಲಿಂದ ಎತ್ತ ಹೋಗುವದೆಂಬದು ಕಣ್ಣಿಗೆ ಕಟ್ಟಿದಂತೆ ತಿಳಿದಿರುತ್ತಿತ್ತು. ಎಲ್ಲಿಯಾದರೂ ನೀರು ನಿಂತರೆ ಗುದ್ದಲಿಯಿಂದ ಒಂದು ಗೆರೆ ಕೊರೆದರೆ ಸಾಕಾಗುತ್ತಿತ್ತು. ಈಗಲಾದರೋ ಕಾಲುವೆಯ ನೀರಿನಿಂದಲೂ ದ್ರಾಕ್ಷಿಯ ತೋಟಗಳಿಂದಲೂ ಕೆಲವರ ಕೈಯಲ್ಲಿ ಹಣ ಸೇರಿದೆ. ವಿಜಯಪುರ ಪಟ್ಟಣದ ಹೊಸ ಬಡಾವಣೆಗಳಲ್ಲಿಯೂ, ಈಗ ತಾಲೂಕು ಸ್ಥಳಗಳಾಗಿರುವ ತಿಕೋಟಾ, ಬಬಲೇಶ್ವರಗಳಲ್ಲಿಯೂ, ಸುತ್ತಲಿನ ಹಳ್ಳಿಗಳಲ್ಲಿಯೂ ಸಿಮೆಂಟಿನ ಮನೆಗಳು ಎದ್ದಿವೆ. ಮನೆಯ ಮುಂದೆ ಬಂಡಿ ಕಟ್ಟುವ ಸ್ಥಳದಲ್ಲಿ ಮೋಟಾರು ಗಾಡಿ ನಿಲ್ಲುತ್ತದೆ. ಅದಕ್ಕಾಗಿ ಅಂಗಳಕ್ಕೆ ಕಾಂಕ್ರೀಟು ಹಾಕಿಸುತ್ತಾರೆ. ಮಣ್ಣಿನ ಅಂಗಳದ ತಪ್ಪು ಗುದ್ದಲಿಗೆ ಬಗ್ಗುತ್ತಿತ್ತು. ಕಾಂಕ್ರೀಟಿನ ತಪ್ಪು ಕಲ್ಲಾಗಿ ಉಳಿಯುತ್ತದೆ. ಆದಕಾರಣ ಜಗಳವೂ ಗಟ್ಟಿಯಾಗಿದೆ.

ವಿಚಾರವು ಸ್ಪಷ್ಟವಾಗುವಂತೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳುವಾ. ಒಬ್ಬ ಮನೆಯೊಡೆಯನು ಒಬ್ಬ ಗುತ್ತಿಗೆದಾರನಿಗೆ ಅಂಗಳದ ಕೆಲಸವನ್ನು ಒಪ್ಪಿಸಿದನು. ಬೀದಿಯ ಗೇಟಿನಿಂದ ಪಡಸಾಲೆಯ ಮೆಟ್ಟಿಲ ವರೆಗೆ ಉದ್ದ ೩೦ ಅಡಿ, ಅಗಲ ೧೨ ಅಡಿ. ಕರಾರೆಲ್ಲ ಬಾಯಿಮಾತಿನದು. ಗಾಡಿಯು ಸುಲಭವಾಗಿ ಒಳಗೆ ಬರಬೇಕೆಂದು ಒಡೆಯನು ಅಂಗಳವನ್ನು ಎತ್ತರಿಸಬೇಡವೆಂದನು. ಬದಿಯ ಗಟಾರಕ್ಕೆ ೯,೦೦೦ ರೂಪಾಯಿ ಆಗುವದೆಂದು ಕೇಳಿ, ಅದೂ ಸದ್ಯಕ್ಕೆ ಬೇಡವೆಂದನು. ಗುತ್ತಿಗೆದಾರನಿಗೆ ಅನುಮಾನವಿತ್ತು, ಆದರೂ, ‘ನೀರ ತನ್ನ ಹಾದಿ ತಾನ ಹುಡುಕ್ಕೋತೈತ್ರಿ, ಮಾಲಕರ’ ಎಂದು ಹೇಳಿ, ರಸಮಟ್ಟವನ್ನಿಡದೆ ಕಣ್ಣಳತೆಯಿಂದಲೇ ಕೆಲಸ ಮುಗಿಸಿದನು. ಸಪ್ಟೆಂಬರಿನ ಮಳೆ ಬಂದಿತು. ನೀರು ನಿಜವಾಗಿಯೂ ಹಾದಿಯನ್ನು ಹುಡುಕಿಕೊಂಡಿತು. ಅದು ಪಡಸಾಲೆಯ ಹಾದಿಯಾಗಿತ್ತು. ಒಡೆಯನು ಕಡೆಯ ಕಂತಿನ ೪೦,೦೦೦ ರೂಪಾಯಿಗಳನ್ನು ಕೊಡುವದಿಲ್ಲವೆಂದನು. ಗುತ್ತಿಗೆದಾರನು, ‘ನೀವು ಹೇಳಿದಂಗ ಮಾಡೇನ್ರಿ, ನಂದೇನ ತಪ್ಪೈತಿ?’ ಎಂದನು. ಆ ಹಣದಲ್ಲಿ ಗೌಂಡಿಗಳ ಮತ್ತು ಕೂಲಿಯವರ ೧೪,೦೦೦ ರೂಪಾಯಿ ಸೇರಿತ್ತು. ಈಗ ನ್ಯಾಯವೇನು?

ನ್ಯಾಯ ಹೇಳುವದಕ್ಕಿಂತ ಮುಂಚೆ ನೀರಿನ ಮತ್ತು ಮಣ್ಣಿನ ಸ್ವಭಾವವನ್ನು ತಿಳಿಯಬೇಕು. ನಮ್ಮ ಜಿಲ್ಲೆಯಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರ್ ಮಾತ್ರ. ಇಷ್ಟು ಕಡಿಮೆ ಮಳೆಗೆ ಗಟಾರವೇಕೆ ಎಂದು ಅನೇಕರು ನಗುತ್ತಾರೆ. ಆದರೆ ಆ ಮಳೆಯು ದಿನಕ್ಕಿಷ್ಟೆಂದು ಅಳೆದು ಬೀಳುವದಿಲ್ಲ. ತಿಂಗಳುಗಟ್ಟಲೆ ಮುಗಿಲು ನೋಡಿಸಿ, ಒಂದು ಸಾಯಂಕಾಲದಲ್ಲಿ ಸುರಿದುಬಿಡುತ್ತದೆ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆಯಾದರೆ ೨,೩೬೦ ಲೀಟರು ನೀರು ಕೂಡುತ್ತದೆ. ನಾವು ಹೇಳಿದ ೩೬೦ ಚದರ ಅಡಿಯ ಅಂಗಳದ ಮೇಲೆ ಸುಮಾರು ೮೫೦ ಲೀಟರು ಬೀಳುತ್ತದೆ. ಮಾಳಿಗೆಯ ನೀರೂ ಅಂಗಳಕ್ಕೇ ಇಳಿದರೆ, ೧೫ ಲೀಟರಿನ ಕೊಡದಿಂದ ೨೧೪ ಕೊಡ ನೀರನ್ನು ಬಾಗಿಲ ಮುಂದೆ ಸುರಿದಂತಾಯಿತು.

ಮಣ್ಣೋ ಕರಿಮಣ್ಣು. ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಬಲೇಶ್ವರದ ಕಡೆ ಡೋಣಿಯ ದಂಡೆಯಲ್ಲಿ ಜೋಳವನ್ನು ರಾಶಿಗಟ್ಟಲೆ ಕೊಡುವ ಆ ಮಣ್ಣೇ ಮನೆ ಕಟ್ಟುವವನಿಗೆ ಶತ್ರುವಾಗಿದೆ. ಅದನ್ನು ತೆಗೆದು, ಗರಸು ತುಂಬಿ, ಅರ್ಧ ಅಡಿ ಮುಕ್ಕಾಲು ಅಡಿಯ ಪದರುಗಳಾಗಿ ನೀರು ಹಾಕಿ ಬಡಿದು ಗಟ್ಟಿಮಾಡದಿದ್ದರೆ, ಇಂದು ಸರಿಯಾಗಿರುವ ವಾಟವು ಮುಂದಿನ ವರುಷ ತಪ್ಪುವದು. ಇನ್ನು ವಾಟದ ಲೆಕ್ಕ: ೬೦ ಅಡಿಗೆ ಒಂದು ಅಡಿಯಂತೆ ಇಳಿಸಿದರೆ ೩೦ ಅಡಿಯ ಅಂಗಳಕ್ಕೆ ಅರ್ಧ ಅಡಿಯ ಇಳಿತ ಬೇಕು. ಅರ್ಧ ಅಡಿ! ಜಗಳವೆಲ್ಲ ಹುಟ್ಟಿದ್ದು ಒಂದು ಗೇಣಿಗೂ ಕಡಿಮೆಯಾದ ಎತ್ತರದಿಂದ.

ಈಗ ಮೊದಲನೆಯ ಪ್ರಶ್ನೆಗೆ ಬರುವಾ. ‘ಹೇಳಿದಂತೆ ಮಾಡಿದೆನು’ ಎಂಬ ಮಾತು ಗುತ್ತಿಗೆದಾರನನ್ನು ನಿರಪರಾಧಿಯಾಗಿ ಮಾಡುವದೋ? ನಾವು ಇಲ್ಲವೆನ್ನುತ್ತೇವೆ. ಯಾಕಂದರೆ ಗೋಡೆಯು ಸೊಟ್ಟಗಾದರೆ ದಾರಿಹೋಕನಿಗೂ ಕಾಣುತ್ತದೆ. ಆದರೆ ವಾಟವು ಮಳೆ ಬರುವ ತನಕ ಯಾರಿಗೂ ಕಾಣುವದಿಲ್ಲ. ಅದನ್ನು ಬಲ್ಲವನು ಕೆಲಸದವನೊಬ್ಬನೇ. ಒಡೆಯನು ಅವನಿಗೆ ಕೊಡುವ ಹಣವು ಸಿಮೆಂಟಿಗೆ, ಖಡಿಗೆ, ಉಸುಕಿಗೆ ಮಾತ್ರವಲ್ಲ. ತನಗೆ ಕಾಣದ್ದನ್ನು ಮುಂಚಿತವಾಗಿ ಕಾಣುವ ಅವನ ಕಣ್ಣಿಗೆ ಸಹ ಕೊಡುತ್ತಾನೆ. ವೈದ್ಯನು ರೋಗಿ ಕೇಳಿದ ಔಷಧವನ್ನೇ ಕೊಟ್ಟು, ಅದರಿಂದ ಕೇಡಾದ ಮೇಲೆ ‘ನೀನೇ ಕೇಳಿದಿಯಲ್ಲಾ’ ಎಂದರೆ ನಾವು ಅವನನ್ನು ವೈದ್ಯನೆನ್ನುವೆವೋ? ತಿಳಿದವನ ಮೌನವು ತಿಳಿಯದವನ ಅಪ್ಪಣೆಯ ಹಿಂದೆ ಅಡಗಿಕೊಳ್ಳಲಾರದು.

ಈ ಕಾಣದ ಕೆಲಸದ ಮಹತ್ವವನ್ನು ನಮ್ಮ ಪಟ್ಟಣವೇ ಸಾರುತ್ತದೆ. ಗೋಳಗುಮ್ಮಟವನ್ನು ನೋಡಲು ದೇಶದೇಶದವರು ಬರುತ್ತಾರೆ. ಆದರೆ ಅದನ್ನು ಕಟ್ಟಿಸಿದ ಮುಹಮ್ಮದ ಆದಿಲಶಾಹನೇ ೧೬೫೧ರಲ್ಲಿ ಪಟ್ಟಣದ ದಕ್ಷಿಣಕ್ಕೆ ಬೇಗಂ ತಾಲಾಬನ್ನು ಕಟ್ಟಿಸಿ, ನೆಲದೊಳಗಿನ ಮಣ್ಣಿನ ಕೊಳವೆಗಳಿಂದ ಊರಿಗೆ ನೀರು ತರಿಸಿದನು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ನೀರು ಅವುಗಳಲ್ಲಿ ಏರಿ, ತನ್ನ ಒತ್ತಡವನ್ನು ಕಳೆದುಕೊಂಡು, ಹೂಳನ್ನು ಕೆಳಗೆ ಬಿಟ್ಟು ಮುಂದೆ ಸಾಗುತ್ತಿತ್ತು. ಆ ಕೊಳವೆಗಳ ಇಳಿತವನ್ನು ಅರಸನು ನೋಡಿ ಪರೀಕ್ಷಿಸಲಾರನು. ನೆಲದೊಳಗೆ ಹೂತ ಕೆಲಸದಲ್ಲಿ ಕೆಲಸದವನಿಗೆ ಸಾಕ್ಷಿಯಾಗಿದ್ದದ್ದು ಅವನ ಅಂತರಂಗವೊಂದೇ. ಗುಮ್ಮಟವು ಕಟ್ಟಿದವನ ಕೌಶಲ್ಯವನ್ನು ತೋರಿಸುತ್ತದೆ. ಹೂತ ಕೊಳವೆಯು ಅವನ ಪ್ರಾಮಾಣಿಕತೆಯನ್ನು ತೋರಿಸುತ್ತದೆ.

ಆದರೆ ಒಬ್ಬ ಬಡ ಗುತ್ತಿಗೆದಾರನು ಇದನ್ನು ಕೇಳಿ ನಮಗೆ ಹೀಗೆ ಹೇಳಾನು: ‘ನಾನು ಎಚ್ಚರಿಸಿದರೆ ಒಡೆಯನು ನನ್ನನ್ನು ದುಬಾರಿಯವನೆಂದು ಬಿಟ್ಟು, ಎಚ್ಚರಿಸದೆ ಇರುವ ಇನ್ನೊಬ್ಬನಿಗೆ ಕೆಲಸ ಕೊಡುತ್ತಾನೆ. ಆಗ ನನ್ನ ಮಕ್ಕಳಿಗೆ ರೊಟ್ಟಿ ಎಲ್ಲಿಂದ ಬರಬೇಕು?’ ಈ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಸತ್ಯ ಹೇಳಿದವನು ಕೆಲಸ ಕಳೆದುಕೊಂಡು, ಹೇಳದವನು ಪಡೆಯುವದು ನಮ್ಮ ಪೇಟೆಗಳಲ್ಲಿ ನಡೆಯುವ ಸಂಗತಿಯೇ. ಆದಾಗ್ಯೂ ಎಚ್ಚರಿಸುವದೆಂದರೆ ಕೆಲಸ ನಿರಾಕರಿಸುವದೆಂದು ಅರ್ಥವಲ್ಲ. ‘ಗಟಾರವಿಲ್ಲದೆ ಮಾಡಿದರೆ ನೀರು ಮೆಟ್ಟಿಲಿಗೆ ಬರುವದು, ಆದರೂ ಬೇಕೆಂದರೆ ಇಲ್ಲಿ ಒಂದು ಸಹಿ ಹಾಕಿರಿ’ ಎಂದು ಹೇಳಲು ಒಂದು ಚೂರು ಕಾಗದ ಸಾಕು. ಆಮೇಲೆ ಒಡೆಯನು ಹಟ ಹಿಡಿದರೆ ಭಾರವು ಒಡೆಯನ ಹೆಗಲಿಗೆ ಹೋಗುತ್ತದೆ. ನಮ್ಮ ದೃಷ್ಟಾಂತದ ಗುತ್ತಿಗೆದಾರನು ಹೀಗೆ ಹೇಳಲಿಲ್ಲ. ಅನುಮಾನವನ್ನು ಒಂದು ಸಿಹಿಮಾತಿನಿಂದ ಮುಚ್ಚಿದನು. ಅಲ್ಲದೆ ರಸಮಟ್ಟವನ್ನಿಡದಿರಲು ಯಾರೂ ಅವನಿಗೆ ಅಪ್ಪಣೆಕೊಟ್ಟಿರಲಿಲ್ಲ.

ಎರಡನೆಯದಾಗಿ, ಒಡೆಯನು ಪೂರ್ಣವಾಗಿ ನಿರ್ದೋಷಿಯೋ? ಹಾಗೂ ಅಲ್ಲ. ತನಗೆ ತಿಳಿಯದೆಂಬದು ತನಗೆ ತಿಳಿದಿದ್ದರೂ, ತಿಳಿದವನನ್ನು ಕೇಳದೆ ದರದಲ್ಲಿ ಮಾತ್ರ ಚೌಕಾಸಿ ಮಾಡಿದನು. ೯,೦೦೦ ರೂಪಾಯಿಯ ಗಟಾರವನ್ನು ಬಿಟ್ಟವನು ಗಟಾರದ ಪ್ರಯೋಜನವನ್ನು ಪುಕ್ಕಟೆಯಾಗಿ ಬೇಡಲಾರನು.

ಬಹು ಪುರಾತನ ಕಾಲದ ಎರಡು ಕಟ್ಟಳೆಗಳು ಇಲ್ಲಿ ನೆನಪಿಗೆ ಬರುತ್ತವೆ. ಸುಮಾರು ೩,೭೫೦ ವರುಷಗಳ ಹಿಂದೆ ಬಾಬೆಲಿನ ಅರಸನಾದ ಹಮ್ಮುರಾಬಿಯು, ಗೋಡೆಯು ಭದ್ರವಾಗಿಲ್ಲದೆ ವಾಲಿದರೆ ಕಟ್ಟಿದವನೇ ಸ್ವಂತ ಹಣದಿಂದ ಅದನ್ನು ಗಟ್ಟಿಮಾಡಬೇಕೆಂದು ವಿಧಿಸಿದನು. ಮೋಶೆಯ ಧರ್ಮಶಾಸ್ತ್ರವಾದರೋ, ಹೊಸ ಮನೆ ಕಟ್ಟಿಸುವವನು ಯಾರೂ ಬಿದ್ದು ಸಾಯದಂತೆ ಮಾಳಿಗೆಗೆ ಕುಂಬಿಯನ್ನು ಕಟ್ಟಿಸಬೇಕೆಂದು ಆಜ್ಞಾಪಿಸುತ್ತದೆ. ಮೊದಲನೆಯದು ಕಟ್ಟಿದವನ ಕರ್ತವ್ಯವನ್ನೂ ಎರಡನೆಯದು ಕಟ್ಟಿಸಿದವನ ಕರ್ತವ್ಯವನ್ನೂ ಹೇಳುತ್ತದೆ. ಕುಂಬಿಯಿಂದ ಒಡೆಯನಿಗೆ ಅಂದವೂ ಆದಾಯವೂ ಇಲ್ಲ. ಅದು ಮನೆಗೆ ಬಂದ ಪರರಿಗಾಗಿ. ತನ್ನ ಮನೆಯಿಂದ ಪರರಿಗೆ ಕೇಡಾಗದಂತೆ ನೋಡುವದು ಒಡೆತನದ ಒಂದು ಭಾಗವೇ.

ಹಾಗಾದರೆ ತಪ್ಪನ್ನು ಹಂಚುವದು ಹ್ಯಾಗೆ? ಅರ್ಧಂಬರ್ಧ ಮಾಡಿಕೊಳ್ಳಿರೆಂದು ಊರ ಹಿರಿಯರು ಹೇಳುವದುಂಟು. ಅದು ಸುಲಭ, ಆದರೆ ನ್ಯಾಯವಲ್ಲ. ನಮಗೆ ತೋರುವ ಸೂತ್ರವು ಇದು: ಮೊದಲೇ ಸರಿಯಾಗಿ ಮಾಡಿದ್ದರೆ ಯಾವ ವೆಚ್ಚವು ಯಾರದಾಗುತ್ತಿತ್ತೋ ಅದು ಈಗಲೂ ಅವನದೇ; ಎರಡನೆಯ ಸಾರಿ ಮಾಡುವದರಿಂದ ಬಂದ ಹೆಚ್ಚಿನ ವೆಚ್ಚವು, ತಿಳಿದೂ ಹೇಳದಿದ್ದವನದು. ದೃಷ್ಟಾಂತದಲ್ಲಿ ಕಾಂಕ್ರೀಟನ್ನು ಒಡೆದು ವಾಟ ಕೊಟ್ಟು ತಿರುಗಿ ಹಾಕಲು ೨೧,೦೦೦ ರೂಪಾಯಿ ಆಗುವದೆಂದು ಎಣಿಸುವಾ. ಅದನ್ನು ಗುತ್ತಿಗೆದಾರನು ಹೊರಲಿ. ಗಟಾರದ ೯,೦೦೦ ರೂಪಾಯಿಯನ್ನು ಒಡೆಯನು ಕೊಡಲಿ. ಅದು ಮೊದಲೇ ಅವನು ಕೊಡಬೇಕಾದದ್ದಾಗಿತ್ತು. ಗುತ್ತಿಗೆದಾರನು ಕೆಲಸವನ್ನು ತಾನೇ ಸರಿಪಡಿಸಿಕೊಟ್ಟರೆ ಅವನ ೪೦,೦೦೦ವನ್ನು ಒಂದು ಕಾಸೂ ಮುರಿಯದೆ ಕೊಡಬೇಕು. ಅವನು ಬಾರದೆ ಹೋದರೆ ಒಡೆಯನು ೨೧,೦೦೦ವನ್ನು ಹಿಡಿದುಕೊಂಡು ಉಳಿದ ೧೯,೦೦೦ವನ್ನು ಸಲ್ಲಿಸಬೇಕು.

ಇದರಿಂದ ಮೂರನೆಯ ಸಂಗತಿ ತಾನಾಗಿ ಹೊರಡುತ್ತದೆ. ಒಡೆಯನು ೪೦,೦೦೦ವನ್ನು ಪೂರಾ ಹಿಡಿದದ್ದು ಅನ್ಯಾಯ. ತಪ್ಪಿನ ಬೆಲೆಗಿಂತ ಹೆಚ್ಚು ಹಿಡಿದವನು ಭದ್ರತೆಗಾಗಿ ಹಿಡಿಯಲಿಲ್ಲ, ಶಿಕ್ಷೆಗಾಗಿ ಹಿಡಿದನು. ಆ ಶಿಕ್ಷೆಯು ಬಿದ್ದದ್ದಾದರೂ ಯಾರ ಮೇಲೆ? ಗುತ್ತಿಗೆದಾರನು ಹೇಗೋ ದಿನ ಕಳೆಯುವನು. ಖಡಿ ಹೊತ್ತ ಹೆಂಗಸಿಗೆ ವಾರದ ಸಂತೆಯ ದಿನ ಕೈ ಬರಿದಾಗುತ್ತದೆ. ಅವಳು ವಾಟವನ್ನು ಅಳೆಯಲಿಲ್ಲ, ಗಟಾರವನ್ನು ಬೇಡವೆನ್ನಲಿಲ್ಲ. ಹೊರು ಎಂದದ್ದನ್ನು ಹೊತ್ತಳು. ಕೂಲಿಯು ರಾತ್ರಿ ಕಳೆದು ಬೆಳಗಾಗುವ ತನಕ ಒಡೆಯನ ಬಳಿ ಇರಬಾರದೆಂಬದು ಸಹ ಮೋಶೆಯ ಕಟ್ಟಳೆಯೇ. ಆದಕಾರಣ ಎಂಥ ವ್ಯಾಜ್ಯವಾದರೂ ೧೪,೦೦೦ ರೂಪಾಯಿಯ ಕೂಲಿಯನ್ನು ಮೊದಲು ಬಿಡಬೇಕು. ಗುತ್ತಿಗೆದಾರನ ಮೇಲೆ ನಂಬಿಕೆ ಇಲ್ಲದಿದ್ದರೆ ಅವನ ಎದುರಿನಲ್ಲಿಯೇ ಅವರ ಕೈಗೆ ಕೊಡಬೇಕು. ಗುತ್ತಿಗೆದಾರನೂ ‘ಮಾಲಕರು ಕೊಟ್ಟ ಮೇಲೆ ಕೊಡುವೆನು’ ಎಂದು ಅವರನ್ನು ತಿರುಗಿಸಬಾರದು. ಅವರನ್ನು ಕೆಲಸಕ್ಕೆ ಕರೆದವನು ಅವನೇ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಎಷ್ಟೋ ಸಾರಿ ಒಡೆಯನೂ ಗುತ್ತಿಗೆದಾರನೂ ಬಹು ಸುಲಭವಾಗಿ ರಾಜಿಯಾಗುತ್ತಾರೆ. ಹ್ಯಾಗಂದರೆ, ಗೋಡೆಯಲ್ಲಿ ಒಂದು ತೂತು ಕೊರೆದು ನೀರನ್ನು ಕೆಳಗಿನ ಮನೆಯವರ ಹಿತ್ತಲಿಗೆ ಬಿಡುತ್ತಾರೆ. ಖರ್ಚು ಸ್ವಲ್ಪ, ಇಬ್ಬರಿಗೂ ಸಂತೋಷ. ಊರವರು ಜಗಳ ಮುಗಿಯಿತೆಂದು ಹೊಗಳುತ್ತಾರೆ. ವಾಚಕರೇ, ಇದು ಸಮಾಧಾನವಲ್ಲ. ಇಬ್ಬರ ತಪ್ಪನ್ನು ಅಲ್ಲಿಲ್ಲದ ಮೂರನೆಯವನ ತಲೆಗೆ ಕಟ್ಟಿದ್ದಾಗಿದೆ. ೧೮೮೨ರ ಭಾರತೀಯ ಅನುಭೋಗದ ಹಕ್ಕುಗಳ ಕಾಯಿದೆಯು ೧೮೯೧ರಲ್ಲಿ, ವಿಜಾಪುರವು ಆಗ ಸೇರಿದ್ದ ಮುಂಬಯಿ ಪ್ರಾಂತಕ್ಕೂ ಅನ್ವಯವಾಯಿತು. ಮೇಲಿನ ಭೂಮಿಯ ಮೇಲೆ ಬಿದ್ದು ಸ್ವಾಭಾವಿಕವಾಗಿ ಹರಿಯುವ ನೀರನ್ನು ಕೆಳಗಿನವನು ತಡೆಯಬಾರದೆಂದು ಅದರ ಏಳನೆಯ ಕಲಮಿನ ದೃಷ್ಟಾಂತವೊಂದು ಹೇಳುತ್ತದೆ. ಸ್ವಾಭಾವಿಕವಾಗಿ ಎಂಬ ಮಾತನ್ನು ಗಮನಿಸಿರಿ. ದೇವರು ಎಲ್ಲರ ಮೇಲೆ ಸುರಿಸಿದ ಮಳೆಯು ಇಳಿಜಾರಿನಲ್ಲಿ ಹರಡಿ ಹೋಗುವದು ಬೇರೆ. ಮಾಳಿಗೆಯ ಮತ್ತು ಕಾಂಕ್ರೀಟಿನ ನೀರನ್ನು ಕೂಡಿಸಿ ಒಂದೇ ಬಾಯಿಯಿಂದ ನೆರೆಯವನ ಗೋಡೆಯ ಬುಡಕ್ಕೆ ಬಿಡುವದು ಬೇರೆ. ಮಣ್ಣಿನ ಅಂಗಳವು ಸ್ವಲ್ಪ ನೀರನ್ನು ತಾನೇ ಕುಡಿಯುತ್ತಿತ್ತು, ಕಾಂಕ್ರೀಟು ಕುಡಿಯುವದಿಲ್ಲ. ಆದಕಾರಣ ಕಾಂಕ್ರೀಟು ಹಾಕಿಸಿದವನಿಗೆ, ಮೊದಲಿಲ್ಲದ ಒಂದು ಹೊಸ ಋಣವು ನೆರೆಯವನ ಕಡೆಗೆ ಹುಟ್ಟಿತು. ಗಟಾರವಿಲ್ಲದ ಓಣಿಯಲ್ಲಿ ಆ ನೀರಿಗೆ ಸ್ವಂತ ಜಾಗದಲ್ಲಿಯೇ, ಬುನಾದಿಯಿಂದ ದೂರವಾಗಿ, ಖಡಿ ತುಂಬಿದ ಇಂಗುಗುಂಡಿಯನ್ನು ತೋಡಿಸುವದು ಉತ್ತಮ. ನೀರಿಗಾಗಿ ಬಾಯಿಬಿಡುವ ನಮ್ಮ ಸೀಮೆಯಲ್ಲಿ ೩,೨೧೦ ಲೀಟರನ್ನು ಜಗಳವಾಗಿ ಮಾಡುವದಕ್ಕಿಂತ ಅಂತರ್ಜಲವಾಗಿ ಮಾಡುವದು ಲೇಸಲ್ಲವೇ?

ರಾಜಿಯಾಗದಿದ್ದರೆ ಕಾನೂನಿನ ಬಾಗಿಲು ತೆರೆದದೆ. ೧೮೭೨ರ ಕರಾರು ಕಾಯಿದೆಯ ೭೩ನೆಯ ಕಲಮು, ಕರಾರು ಮುರಿದದ್ದರಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ. ಆದರೆ ನಷ್ಟವನ್ನು ತಡೆಯಲು ಇದ್ದ ಉಪಾಯಗಳನ್ನು ಸಹ ಲೆಕ್ಕಕ್ಕೆ ಹಿಡಿಯುತ್ತದೆ. ನೀರು ಒಳಗೆ ಬರುವದನ್ನು ಕಂಡೂ ಒಂದು ಮಣ್ಣಿನ ಚೀಲವನ್ನು ಅಡ್ಡ ಇಡದೆ, ಮೊಕದ್ದಮೆ ದೊಡ್ಡದಾಗಲೆಂದು ಕಾದವನಿಗೆ ಅದು ಸಹಾಯ ಮಾಡದು. ಮನೆ ಕಟ್ಟಿಕೊಡುವದು ಗ್ರಾಹಕನಿಗೆ ಸಲ್ಲುವ ಒಂದು ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೩ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಈಗ ನಡೆಯುತ್ತಿರುವ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗಕ್ಕೆ ಎರಡು ವರುಷದೊಳಗೆ ದೂರು ಕೊಡಬಹುದು. ಕೊಟ್ಟ ಹಣವು ೫ ಲಕ್ಷವನ್ನು ಮೀರದಿದ್ದರೆ ಶುಲ್ಕವಿಲ್ಲ. ಅಲ್ಲಿಯೂ ಮಧ್ಯಸ್ಥಿಕೆಗೆ ಅವಕಾಶವುಂಟು. ೧೯೮೭ರ ಕಾಯಿದೆಯಿಂದ ನಡೆಯುವ ಲೋಕ ಅದಾಲತಿನಲ್ಲಿ ಆದ ರಾಜಿಯು ಕೋರ್ಟಿನ ತೀರ್ಪಿನಷ್ಟೇ ಬಲವುಳ್ಳದ್ದು. ಆದರೆ ಎಲ್ಲಿ ಹೋದರೂ ಕೇಳುವ ಮೊದಲನೆಯ ಪ್ರಶ್ನೆ, ಬರಹವೆಲ್ಲಿ ಎಂಬದೇ. ನಂಬಿಕೆ ಇದ್ದಾಗ ಬರಹವೇಕೆ ಎನ್ನುವವರು ತಪ್ಪಾಗಿ ತಿಳಿದಿದ್ದಾರೆ. ಬರಹವು ಅಪನಂಬಿಕೆಯ ಗುರುತಲ್ಲ. ಮರೆವಿನಿಂದಲೂ ಲೋಭದಿಂದಲೂ ನಂಬಿಕೆಯನ್ನು ಕಾಯುವ ಬೇಲಿಯಾಗಿದೆ.

ಆದಕಾರಣ, ಪ್ರಿಯರೇ, ಅಂಗಳ ಹಾಕಿಸುವ ಮುಂಚೆ ಇಷ್ಟನ್ನು ಮಾಡಿರಿ. ಬೀದಿಯ ಎತ್ತರವನ್ನೂ ಮನೆಯ ನೆಲದ ಎತ್ತರವನ್ನೂ ಅಳೆಯಿರಿ. ರಸ್ತೆಯ ಮೇಲೆ ರಸ್ತೆ ಹಾಕುತ್ತಾ ಬೀದಿಯು ಏರುವದೆಂಬದನ್ನು ಮರೆಯಬೇಡಿರಿ. ಮಾಳಿಗೆಯ ನೀರು ಎಲ್ಲಿ ಇಳಿಯುವದು, ವಾಟವು ಎಷ್ಟು, ಗಟಾರವು ಎತ್ತ, ಕೆಲಸದಲ್ಲಿ ದೋಷ ಕಂಡರೆ ಎಷ್ಟು ತಿಂಗಳೊಳಗೆ ಯಾರು ಸರಿಪಡಿಸಬೇಕು, ಅದಕ್ಕಾಗಿ ಎಷ್ಟು ಹಣ ಹಿಡಿಯಬೇಕು ಎಂದು ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿರಿ. ಕೆಳಗಿನ ಮನೆಯವರನ್ನು ಕರೆದು ತೋರಿಸಿರಿ. ಕೆಲಸ ಮುಗಿದ ದಿನ, ಮಳೆಗಾಗಿ ಕಾಯದೆ, ಪಡಸಾಲೆಯ ಮೆಟ್ಟಿಲಲ್ಲಿ ನಿಂತು ನಾಲ್ಕು ಕೊಡ ನೀರು ಸುರಿಯಿರಿ. ನೀರು ಗಟಾರಕ್ಕೆ ಓಡಿದರೆ ಅಂದೇ ಸಾಯಂಕಾಲ ಹಣವನ್ನು ಕೊಟ್ಟುಬಿಡಿರಿ, ನಾಳೆ ಬಾ ಅನ್ನಬೇಡಿರಿ. ಮೆಟ್ಟಿಲ ಕಡೆಗೆ ತಿರುಗಿದರೆ, ಕಾಂಕ್ರೀಟು ಇನ್ನೂ ಹಸಿಯಾಗಿದ್ದಾಗ ಮಟ್ಟ ಹಿಡಿದು ನೋಡಿದೆವೋ ಎಂದು ಇಬ್ಬರೂ ತಮ್ಮ ತಮ್ಮನ್ನು ಕೇಳಿಕೊಳ್ಳಿರಿ.

ಜಗಳವು ಹುಟ್ಟಿದರೆ ಮೊದಲು ಓಣಿಯವರಿಗೆ ಹೇಳದೆ, ಅವನ ಮನೆಗೆ ಹೋಗಿ ಅವನಿಗೇ ಹೇಳಿರಿ. ‘ಗುತ್ತಿಗೆದಾರರೇ, ಬಂದು ಒಮ್ಮೆ ನೋಡಿರಿ’ ಎಂಬ ಮಾತಿನಿಂದ ಆಗುವ ಕೆಲಸವು ‘ಕಳ್ಳ’ ಎಂಬ ಮಾತಿನಿಂದ ಆಗದು. ನೀರಿಗೆ ಪಕ್ಷಪಾತವಿಲ್ಲ; ಅದು ಒಡೆಯನ ಮಾತನ್ನೂ ಗುತ್ತಿಗೆದಾರನ ಮಾತನ್ನೂ ಕೇಳದೆ, ತಗ್ಗು ಇದ್ದಲ್ಲಿಗೆ ಹೋಗಿ ನಿಲ್ಲುತ್ತದೆ. ಎರಡು ಹೊಸ ಮನೆಗಳ ನಡುವೆ ತಗ್ಗಿನಲ್ಲಿರುವವರು ಸಾಮಾನ್ಯವಾಗಿ ಬಡವರೇ. ನಮ್ಮ ಅಂಗಳವು ಒಣಗಿತೋ ಎಂದು ಮಾತ್ರ ಕೇಳದೆ, ಆ ನೀರು ಕಡೆಗೆ ಯಾರ ಬಾಗಿಲಿಗೆ ಹೋಯಿತೆಂದು ಸಹ ಹೊರಗೆ ಬಂದು ನೋಡುವಾ.